ಕೈಗೆ ಕೊಡದ ಉಪ್ಪು

"ಶಾಂತಿ, ನೀನೇ ಲೀಡರ್ ಅಲ್ವಾ? ಮುಂದೆ ಹೋಗು!" ದಾಕ್ಷಾಯಣಮ್ಮ ಮಿಸ್ ಹಿಂದಿನಿಂದ ಮೆಲ್ಲಗೆ ತಳ್ಳಿದರು.

ಶಾಂತಿ ಮುಂದೆ ಬಂದಳು. ಎದುರಿಗೆ ಕಸೂತಿ ಹೂವಿನ ಲಂಗ ತೊಟ್ಟ, ಬೆಳ್ಳಿ ಕೂದಲಿನ ಅಜ್ಜಿಯೊಬ್ಬರು ನಗುತ್ತ ನಿಂತಿದ್ದರು. ಅವರು ಪೋಲೆಂಡ್ ದೇಶದವರು. ದುರ್ಗದ ಕಾಲೇಜು ಮೈದಾನದಲ್ಲಿ ಅವತ್ತು ಪೋಲೆಂಡಿನ ಜನಪದ ಹಾಡು ಮತ್ತು ಕರಕುಶಲದ ಮೇಳ. ತುರುವನೂರಿನ ಶಾಲೆಯಿಂದ ಐದನೇ ಕ್ಲಾಸಿನ ಇಪ್ಪತ್ತಾರು ಮಕ್ಕಳು ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದರು.

"ಇವರನ್ನ ಬಾಬ್ಚಾ ಅನ್ರಿ. ಅವರ ಭಾಷೇಲಿ ಅಜ್ಜಿ ಅಂತ," ಮೇಳ ನಡೆಸುತ್ತಿದ್ದ ಜಯಕುಮಾರ್ ಸರ್ ಮೈಕಿನಲ್ಲಿ ಹೇಳಿದರು. "ಅವರ ಕಡೆ ದೊಡ್ಡ ಅತಿಥಿಗಳು ಬಂದ್ರೆ ಮೊದ್ಲು ಬ್ರೆಡ್ಡು, ಉಪ್ಪು ಕೊಡ್ತಾರೆ. ಇವತ್ತು ನೀವೇ ಅತಿಥಿಗಳು. ಕೈ ಚಾಚ್ರಿ!"

ಬಾಬ್ಚಾ ದುಂಡನೆಯ ಬ್ರೆಡ್ಡಿನಿಂದ ಒಂದು ತುಂಡು ಮುರಿದು, ಬಟ್ಟಲಿನ ಉಪ್ಪಿನಲ್ಲಿ ಅದ್ದಿ, ಶಾಂತಿಯ ಅಂಗೈ ಮೇಲಿಟ್ಟರು.

ಶಾಂತಿ ಅಂಗೈಯನ್ನೇ ನೋಡಿದಳು. ಉಪ್ಪು! ಅದೂ ಕೈಯಿಂದ ಕೈಗೆ!

ಅವಳ ಅಜ್ಜಿ ಮುದ್ದಕ್ಕ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಪಕ್ಕದ ಮನೆಯವರು ಉಪ್ಪು ಕೇಳಿ ಬಂದರೆ ಬಟ್ಟಲನ್ನು ನೆಲದ ಮೇಲಿಡಬೇಕು, ಅವರೇ ಎತ್ತಿಕೊಳ್ಳಬೇಕು. "ಉಪ್ಪು ಕೈಗೆ ಕೊಟ್ರೆ ಕೊಟ್ಟೋರಿಗೂ ತಗಂಡೋರಿಗೂ ಜಗಳ ಬರ್ತದೆ ಕಣೇ," ಎಂದು ಅವರು ಹೇಳದ ದಿನವಿಲ್ಲ.

ಹೋಗಲಿ, ಬಾಬ್ಚಾ ವಿಮಾನ ಹತ್ತಿ ಊರಿಗೆ ಹೋಗುವವರು. ಜಗಳವಾಡಲು ಅವರಿಗೆ ಪುರುಸೊತ್ತೆಲ್ಲಿ? ಶಾಂತಿ ಬ್ರೆಡ್ಡು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಬಾಬ್ಚಾ ಬ್ರೆಡ್ಡು, ಉಪ್ಪು ಇದ್ದ ಇಡೀ ತಟ್ಟೆಯನ್ನೇ ಅವಳ ಕೈಗಿತ್ತು, ನಿನ್ನ ಸ್ನೇಹಿತರಿಗೆ ನೀನೇ ಕೊಡು ಎಂದು ಸನ್ನೆ ಮಾಡಿದರು.

ಮಕ್ಕಳು ಸಾಲಾಗಿ ಬಂದರು. ಮೊದಲು ದುರ್ಗೇಶ. ಅವನ ಜೊತೆ ದಿನಾ ಜಗಳವೇ. ಇನ್ನೊಂದು ಹೆಚ್ಚಾದರೆ ನಷ್ಟವೇನು? ಅವನ ಕೈಗೇ ಕೊಟ್ಟಳು. ಆಮೇಲೆ ನೇತ್ರಾವತಿ. ಅವಳು ಪಾಪ, ಜಗಳಕ್ಕೆ ಕರೆದರೂ ಬರುವವಳಲ್ಲ. ಹೀಗೆ ಒಬ್ಬೊಬ್ಬರಿಗೂ ಕೈಗೆ ಕೊಡುತ್ತಾ ಬಂದಳು.

ಕೊನೆಗೆ ಅವಳ ಜೀವದ ಗೆಳತಿ ಮಾಹೀರಾ ಬಂದು ಕೈ ಚಾಚಿದಳು.

ಶಾಂತಿಯ ಕೈ ಅಲ್ಲೇ ನಿಂತಿತು. ಖೋಖೋದಲ್ಲಿ ಯಾರು ಔಟು ಎಂಬ ಮಾತಿಗೆ ಇಬ್ಬರೂ ಟೂ ಬಿಟ್ಟು, ಹನ್ನೊಂದು ದಿನ ಮಾತಾಡಿರಲಿಲ್ಲ. ಆ ಹನ್ನೊಂದು ದಿನ ಶಾಂತಿಗೆ ಬಿಸಿಯೂಟವೂ ಸೇರಿರಲಿಲ್ಲ. ಮೊನ್ನೆ ಸೋಮವಾರವಷ್ಟೇ ಮತ್ತೆ ಮಾತಾಗಿತ್ತು. ಇನ್ನೊಂದು ಸಲ ಟೂ ಆದರೆ?

ಅವಳು ತುಂಡನ್ನು ಉಪ್ಪಿನಲ್ಲಿ ಅದ್ದಿ, ಪಕ್ಕದ ಟೇಬಲ್ಲಿನ ಅಂಚಿಗೆ ಇಟ್ಟಳು. "ತಗಾ," ಎಂದಳು.

ಮಾಹೀರಾಳ ಕೈ ಗಾಳಿಯಲ್ಲೇ ಉಳಿಯಿತು. ಅವಳು ಟೇಬಲ್ ನೋಡಿದಳು, ಶಾಂತಿಯ ಮುಖ ನೋಡಿದಳು. "ನಂಗೆ ಬ್ಯಾಡ," ಎಂದವಳೇ ಹಿಂದಿರುಗಿ ಹೋಗಿಬಿಟ್ಟಳು.

ಶಾಂತಿಗೆ ತಲೆ ಬುಡ ತಿಳಿಯಲಿಲ್ಲ. ಕೈಗೆ ಕೊಡಲೇ ಇಲ್ಲವಲ್ಲ, ಮತ್ತೆ ಜಗಳ ಹೇಗೆ ಬಂತು?

ವೇದಿಕೆಯ ಮೇಲೆ ಹಾಡು ಶುರುವಾಯಿತು. ಒಬ್ಬರು ಭಜನೆಯ ಹಾರ್ಮೋನಿಯಂ ಅನ್ನು ಎದೆಗೆ ಕಟ್ಟಿಕೊಂಡಂಥ ವಾದ್ಯವನ್ನು ಎಳೆದು ಎಳೆದು ನುಡಿಸಿದರು. ಅದರ ಹೆಸರು ಅಕಾರ್ಡಿಯನ್ ಅಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಂತಿಯ ಕಣ್ಣು ಮಾತ್ರ ಮಾಹೀರಾಳ ಬೆನ್ನ ಮೇಲೇ ಇತ್ತು. ಅವಳು ಒಮ್ಮೆಯೂ ತಿರುಗಲಿಲ್ಲ.

ಪಕ್ಕದ ಟೆಂಟಿನಲ್ಲಿ ಇನ್ನೊಬ್ಬರು ದೊಡ್ಡ ಕತ್ತರಿಯಿಂದ ಬಣ್ಣದ ಕಾಗದದ ಹುಂಜ ಕತ್ತರಿಸುತ್ತಿದ್ದರು. "ಲೇ, ನಮ್ಮಪ್ಪ ಕುರಿ ಉಣ್ಣೆ ತೆಗಿಯೋ ಕತ್ತರಿನೂ ಹಿಂಗೇ ಐತೆ!" ಎಂದು ದುರ್ಗೇಶ ಕುಣಿದ. ಬೇರೆ ದಿನವಾಗಿದ್ದರೆ ಎಲ್ಲರಿಗಿಂತ ಮೊದಲು ಹೋಗಿ ನೋಡುತ್ತಿದ್ದವಳು ಶಾಂತಿಯೇ.

"ಡ್ಯಾನ್ಸಿಗೆ ಇಬ್ಬಿಬ್ಬರು ಜೋಡಿ ಆಗ್ರಿ!" ಮೈಕು ಕೂಗಿತು.

ಶಾಂತಿ ಓಡಿದಳು. ಅಷ್ಟರಲ್ಲಿ ಮಾಹೀರಾ ನೇತ್ರಾವತಿಯ ಕೈ ಹಿಡಿದಾಗಿತ್ತು.

"ಯಾಕೆ ಶಾಂತಿ? ನಿನ್ನ ಜೋಡಿ ಎಲ್ಲಿ?" ಮಿಸ್ ಕೇಳಿದರು.

"ಕಾಲು ನೋವು ಮಿಸ್," ಎಂದಳು ಶಾಂತಿ. ಇನ್ನು ಎಷ್ಟು ದಿನ? ಹನ್ನೊಂದೋ, ಇಪ್ಪತ್ತೋ? ಈ ಸಲ ಯಾವಾಗಲೂ ಹೀಗೇ ಆಗಿಬಿಟ್ಟರೆ?

ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಬೇವಿನ ಮರದ ಕೆಳಗೆ ಕೈ ತೊಳೆಯುತ್ತಿದ್ದ ಮಾಹೀರಾಳ ಮುಂದೆ ಹೋಗಿ ನಿಂತಳು.

"ಯಾಕೆ ಸಿಟ್ಟು? ನಾನೇನು ಮಾಡಿದೆ, ಹೇಳು."

ಮಾಹೀರಾ ನಲ್ಲಿ ನಿಲ್ಲಿಸಿದಳು. "ಎಲ್ಲಾರಿಗೂ ಕೈಗೆ ಕೊಟ್ಟೆ. ನಂಗೆ ಮಾತ್ರ ಟೇಬಲ್ ಮೇಲೆ."

"ಅದು..."

"ನಿಮ್ಮ ಬೀದಿ ಪಾರ್ವತಮ್ಮಜ್ಜಿ ಮನೇಲೂ ಹಂಗೇ ಮಾಡಿದ್ರು. ನಿಂಗೆ ಕೊಬ್ಬರಿ ಮಿಠಾಯಿ ಕೈಗೆ ಕೊಟ್ರು. ನಂದು ಕಟ್ಟೆ ಮೇಲಿಟ್ಟು 'ತಗಾ' ಅಂದ್ರು, ನನ್ನ ಕೈ ಮುಟ್ಟಬಾರದು ಅಂತ. ಅವರು ಹಂಗೆ ಅಂದ್ರೆ ಅನ್ನಲಿ. ನೀನೂ ಅಂದೆ." ಮಾಹೀರಾಳ ಕೆಳತುಟಿ ಅದುರಿತು.

ಹೋದ ತಿಂಗಳು ಇಬ್ಬರೂ ಜೊತೆಯಾಗಿಯೇ ಪಾರ್ವತಮ್ಮಜ್ಜಿಯ ಮನೆಗೆ ಹೋಗಿದ್ದರು. ಮಿಠಾಯಿಯ ರುಚಿ ಶಾಂತಿಗೆ ಚೆನ್ನಾಗಿ ನೆನಪಿತ್ತು. ಮಾಹೀರಾಳ ಮಿಠಾಯಿಯನ್ನು ಎಲ್ಲಿಟ್ಟರು ಎಂದು ಅವಳು ನೋಡಿಯೇ ಇರಲಿಲ್ಲ.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಹಂಗಲ್ಲ ಕಣೇ," ಎಂದಳು. ಮಾತು ತೊದಲಿತು. "ಉಪ್ಪು ಕೈಗೆ ಕೊಟ್ರೆ ಜಗಳ ಆಗ್ತದೆ ಅಂತ ನಮ್ಮಜ್ಜಿ ಹೇಳ್ತಾರೆ. ದುರ್ಗೇಶನ ಜೊತೆ ಆದ್ರೆ ಆಗ್ಲಿ. ನಿನ್ನ ಜೊತೆ ಮಾತ್ರ ಬ್ಯಾಡ ಅಂತ..."

ಮಾಹೀರಾ ಕಣ್ಣು ಅಗಲಿಸಿದಳು. "ಉಪ್ಪಿಗೆಲ್ಲ ಜಗಳ ಬರ್ತದಾ? ನಮ್ಮಪ್ಪನ ಅಮ್ಮ ಖಾತುನ್ ದಾದಿ ದಿನಾ ಅಮ್ಮನ ಕೈಗೇ ಉಪ್ಪು ಕೊಡ್ತಾರೆ."

"ಅವರಿಬ್ಬರೂ ಜಗಳ ಆಡಲ್ವಾ?"

"ಆಡ್ತಾರೆ. ಆಮೇಲೆ ಇಬ್ರೂ ಕೂತ್ಕಂಡು ಚಾ ಕುಡೀತಾರೆ."

ಶಾಂತಿ ಒಂದೇ ಉಸಿರಿಗೆ ಬಾಬ್ಚಾರ ಟೇಬಲ್ಲಿಗೆ ಓಡಿದಳು. ಬ್ರೆಡ್ಡು ಖಾಲಿಯಾಗಿತ್ತು. ಬಟ್ಟಲಿನ ತಳದಲ್ಲಿ ಒಂದಿಷ್ಟು ಉಪ್ಪು ಮಾತ್ರ ಉಳಿದಿತ್ತು. ಕೇಳಿದಾಗ ಬಾಬ್ಚಾ ನಕ್ಕು ತಲೆಯಾಡಿಸಿದರು. ಅದನ್ನೇ ಮುಷ್ಟಿಯಲ್ಲಿ ಹಿಡಿದು ಮರದ ಕೆಳಗೆ ಬಂದಳು.

"ಕೈ ಹಿಡಿ."

ಅಜ್ಜಿಯ ಮಾತು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಹೆದರಿಕೆ ಹೋಗಿರಲಿಲ್ಲ. ಆದರೂ ಶಾಂತಿ ಮುಷ್ಟಿ ಬಿಚ್ಚಿ, ಉಪ್ಪನ್ನೆಲ್ಲ ಮಾಹೀರಾಳ ಒದ್ದೆ ಅಂಗೈಗೆ ಸುರಿದು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮಾಹೀರಾ ಉಪ್ಪನ್ನು ನೆಕ್ಕಿ ಮುಖ ಹಿಂಡಿದಳು. "ಥೂ! ಬರೀ ಉಪ್ಪು!" ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಂಜೆ ಬಸ್ಸು ಹತ್ತಿದ್ದೇ ತಡ, ಜಗಳ ಶುರುವಾಯಿತು.

"ಕಿಟಕಿ ಸೀಟು ನಂದು!" ಎಂದಳು ಮಾಹೀರಾ.

"ನಾನು ಮೊದ್ಲು ಹತ್ತಿದ್ದು!"

"ಬರೋವಾಗ ನೀನೇ ಕೂತಿದ್ದೆ. ಜರುಗೇ!"

"ಜರುಗಲ್ಲ, ಹೋಗೇ!"

ಮುಂದಿನ ಸೀಟಿನಿಂದ ದುರ್ಗೇಶ ತಲೆ ಎತ್ತಿದ. "ಏನ್ರೇ, ಮತ್ತೆ ಟೂನಾ?"

"ನೀನು ಸುಮ್ನೆ ಕುಂತ್ಕಳಲೇ!" ಇಬ್ಬರೂ ಒಟ್ಟಿಗೇ ಗದರಿದರು.

ತುರುವನೂರು ಬರುವವರೆಗೂ ಅವರು ಮೊಣಕೈಯಲ್ಲಿ ತಿವಿದುಕೊಂಡು ಕಿತ್ತಾಡುತ್ತಲೇ ಇದ್ದರು. ಶಾಂತಿಗೆ ಒಂದು ಚೂರೂ ಹೆದರಿಕೆಯಾಗಲಿಲ್ಲ.