ಎಡಕ್ಕೆ ತಿರುಗುವ ಹಿಡಿಕೆ

ಇದನ್ನು ನಂಬಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು ಎಂದಷ್ಟೇ ಹೇಳುತ್ತೇನೆ.

೧೯೭೨ರಲ್ಲಿ ಮುಂಬಯಿಯ ಬೈಕುಲ್ಲಾದಲ್ಲಿ ನನ್ನ ಬಡಿಗತನದ ಅಂಗಡಿ ಇತ್ತು. ಚೆಂಬೂರಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಗಿದ್ದ ಅಣ್ಣು, ಚಾಳಿನ ಮಹಡಿಯಲ್ಲಿದ್ದ ತನ್ನ ಒಂದೇ ಕೋಣೆಯ ಖೋಲಿಯ ಕಿಟಕಿ ಹಿಡಿಕೆ ಬದಲಿಸಲು ಕರೆದ.

ಹಿತ್ತಾಳೆಯ ಹಿಡಿಕೆ. ಎಡಗೈ ಹೆಬ್ಬೆರಳು ಕೂರುವಲ್ಲಿ ಸವೆದು ಗುಳಿ ಬಿದ್ದಿತ್ತು. ಮುಟ್ಟಿದರೆ ಒದ್ದೆ, ಅಕ್ಕಿ ತೊಳೆದ ನೀರಿನ ವಾಸನೆ. ಆ ಮನೆಯಲ್ಲಿ ತಿಂಗಳುಗಳಿಂದ ಒಲೆ ಹಚ್ಚಿದಂತಿರಲಿಲ್ಲ.

“ಎಡಗೈಯವ್ರು ಯಾರ್ರಿ ಮನ್ಯಾಗ?” ಎಂದೆ.

“ನನ್ನ ಹೆಂಡತಿ ವಾರಿಜಾ. ಮಧ್ಯಾಹ್ನ ನಾನು ಕೆಳಗೆ ಸೈಕಲ್ ಬೆಲ್ ಹೊಡೆದ್ರೆ ಕಿಟಕಿ ತೆಗೆದು ನೋಡ್ತಿದ್ಲು. ತೀರಿಹೋಗಿ ಎಂಟು ತಿಂಗಳಾಯ್ತು ಲಾಲಸಾಬ್ರೇ.”

ಸಡಿಲಾಗಿದ್ದ ಹಳೆಯ ಸ್ಕ್ರೂ ತೂತುಗಳಿಗೆ ಬೆಂಕಿಕಡ್ಡಿ ತುಂಬಿ ಹೊಸ ಹಿಡಿಕೆ ಬಿಗಿದು ಬಂದೆ.

ಎರಡು ದಿನ ಬಿಟ್ಟು ಅಣ್ಣು ಅಂಗಡಿಗೇ ಬಂದ. ಕಣ್ಣು ಕೆಂಪಾಗಿದ್ದವು.

“ಹಳೇದು ಎಡಕ್ಕೆ ತಿರುಗ್ತಿತ್ತು. ನೀವು ಬಲಕ್ಕೆ ತಿರುಗುವುದು ಹಾಕಿದ್ದೀರಿ. ಬೆಲ್ ಹೊಡೆದ್ರೆ ಮೇಲೆ ಟಕಟಕ ಸದ್ದು ಮಾತ್ರ. ಅವಳಿಗೆ ತೆಗೀಲಿಕ್ಕೆ ಆಗ್ತಾ ಇಲ್ಲ ಮಾರಾಯ್ರೇ.”

ದುಃಖದಲ್ಲಿರುವವನ ಜೊತೆ ಏನು ವಾದ ಮಾಡುವುದು? ತಪ್ಪಂತೂ ನನ್ನದೇ. ಮರುದಿನ ಅವನು ಕೊಟ್ಟುಹೋದ ಬೀಗದ ಕೈ ಹಿಡಿದು ಹೋಗಿ ಎಡಕ್ಕೆ ತಿರುಗುವ ಹಿಡಿಕೆ ಹಾಕಿದೆ. ಕಿಟಕಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿ ಕೆಳಗಿಳಿದೆ. ಹೋಟೆಲಿನಿಂದ ಬಂದ ಅಣ್ಣು ನನ್ನ ಪಕ್ಕದಲ್ಲೇ ಸೈಕಲ್ ನಿಲ್ಲಿಸಿ, ಒಂದೇ ಸಲ ಬೆಲ್ ಹೊಡೆದ.

ಮೇಲೆ ಕಿಟಕಿ ತೆರೆಯಿತು.

ಅಣ್ಣು ತಲೆಯೆತ್ತಿ, “ಬಂದೆ ಮಾರಾಯ್ತಿ” ಎಂದ. ಆಮೇಲೆ ಬೀಗದ ಕೈಗಾಗಿ ನನ್ನತ್ತ ಕೈ ಚಾಚಿದ.