ಹಿಮದ ಬೆಟ್ಟಕ್ಕೆ ಬಾರದ ಕುಕ್ಕರ್

"ಛೇ, ಇನ್ನೂ ಬೆಂದಿಲ್ಲ!"

ಅಪ್ಪ ಚಮಚದಿಂದ ಒಂದು ಕಾಳು ಬೇಳೆ ತೆಗೆದು ಬೆರಳಲ್ಲಿ ಒತ್ತಿ ನೋಡಿದ. ಅದು ಚಂಗನೆ ಹಾರಿ ಒಲೆಯ ಹಿಂದೆ ಬಿತ್ತು. ಒಂದೂವರೆ ಗಂಟೆಯಿಂದ ನೀರು ಕೊತಕೊತ ಕುದಿಯುತ್ತಿತ್ತು. ಹಬೆ ಕಟ್ಟಿ ಕಿಟಕಿಯಾಚೆ ಹಿಮದ ಬೆಟ್ಟವೇ ಕಾಣದಂತಾಗಿತ್ತು. ಆದರೆ ಆ ತೊಗರಿಬೇಳೆ ಮಾತ್ರ ಹಟ ಹಿಡಿದು ಕೂತಿತ್ತು.

"ನಿಮ್ಮ ಬೇಳೆ ಇಲ್ಲಿ ಬೇಯಲ್ಲ ಬಿಡಿ," ಎಂದು ಅಮ್ಮ ಸೋಫಾದಿಂದಲೇ ನಕ್ಕಳು. ಬೆಳಗಿನಿಂದ ಸ್ಕೀ ಮಾಡಿ ಅವಳ ಮೊಣಕಾಲು ನೋಯುತ್ತಿತ್ತು. ಎರಡೂ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು. "ಎರಡು ಸಾವಿರ ಮೀಟರ್ ಮೇಲಿದ್ದೀವಿ ರೀ. ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತೆ, ಆದ್ರೆ ಅಷ್ಟು ಬಿಸಿ ಆಗಲ್ಲ. ಅದಕ್ಕೇ ಹೊರಡೋ ಮುಂಚೆನೇ ಬಡ್ಕೊಂಡೆ, ಕುಕ್ಕರ್ ಮರೀಬೇಡಿ ಅಂತ. ನಿನ್ನೆ ಇಲ್ಲಿಗೆ ಬಂದಾಗಿಂದ ಕೇಳ್ತಾನೇ ಇದ್ದೀನಿ. ಪ್ಯಾಕ್ ಮಾಡಿದ್ದು ನೀವು ತಾನೆ?"

"ಹೌದು ಮಹಾತಾಯಿ, ಮರೆತೆ. ತಪ್ಪಾಯ್ತು," ಎಂದ ಅಪ್ಪ.

ಒದ್ದೆ ಸಾಕ್ಸುಗಳನ್ನು ಹೀಟರಿನ ಮೇಲೆ ಹರಡುತ್ತಿದ್ದ ನಿಹಾರಿಕಾಳ ಕಿವಿ ಬಿಸಿಯಾಯಿತು. ಅಪ್ಪ ಕುಕ್ಕರನ್ನು ಮರೆತಿರಲಿಲ್ಲ. ಅದು ಈಗ ಇಂಗ್ಲೆಂಡಿನಲ್ಲಿ, ಶೆಫೀಲ್ಡಿನ ಮನೆಯಲ್ಲಿ, ಬಟ್ಟೆ ಒಣಗಿಸುವ ಬೀರುವಿನೊಳಗೆ, ಟವೆಲುಗಳ ಹಿಂದೆ ಬೆಚ್ಚಗೆ ಕೂತಿತ್ತು. ಕೂರಿಸಿದ್ದು ನಿಹಾರಿಕಾ.

ಅಮ್ಮನಿಗೆ ಆಸ್ಪತ್ರೆಯ ಕೆಲಸದ ಪಾಳಿಯಲ್ಲಿ ಶಾಲೆಯ ಹಾಫ್‌ಟರ್ಮ್ ರಜೆಯ ವಾರ ಬಿಡುವು ಸಿಕ್ಕಿದ್ದೇ ಮೂರು ವರ್ಷದ ಮೇಲೆ. ಅದು 2004ರ ಫೆಬ್ರವರಿ. ಸ್ವಿಟ್ಜರ್ಲೆಂಡಿಗೆ ಹೋಗುವಷ್ಟು ದುಡ್ಡು ಯಾರ ಹತ್ತಿರ ಇದೆ? ಆಗ ಲೂಸಿಯ ಅಮ್ಮ ಕ್ಯಾರನ್ ಒಂದು ಬ್ರೋಷರ್ ಹಿಡಿದು ಬಂದು, "ಅಂಡೋರಾ! ಫ್ರಾನ್ಸ್, ಸ್ಪೇನ್ ನಡುವಿನ ಪುಟ್ಟ ದೇಶ. ಎತ್ತರವೂ ಹೌದು, ಅಗ್ಗವೂ ಹೌದು," ಎಂದಿದ್ದಳು. ಲೂಸಿ ನಿಹಾರಿಕಾಳ ಬೆಸ್ಟ್ ಫ್ರೆಂಡ್. ಊರಿನಲ್ಲಿ ಹಿಮದ ಬದಲು ಪ್ಲಾಸ್ಟಿಕ್ ಹಾಸಿದ ಇಳಿಜಾರಿನ ಮೇಲೆ ಇಬ್ಬರೂ ಒಟ್ಟಿಗೇ ಸ್ಕೀ ಕಲಿತವರು. ಈಗ ನಿಜವಾದ ಹಿಮದ ಮೇಲೆ, ಒಂದು ವಾರ ಪೂರ್ತಿ, ಲೂಸಿಯ ಜೊತೆ! ನಿಹಾರಿಕಾ ನೆಲದ ಮೇಲೆ ಕಾಲಿಡಲಿಲ್ಲ ಅನ್ನಿ.

ಹೊರಡುವ ದಿನ ಬೆಳಗ್ಗೆ ತನ್ನ ಗ್ಲೌಸ್ ಹುಡುಕುತ್ತ ಸೂಟ್‌ಕೇಸ್ ತೆಗೆದರೆ, ಅದರಲ್ಲಿ ಕುಕ್ಕರ್! ಸ್ಕೀ ಮಾಡಲು ಹೋಗುವವರು ಯಾರಾದರೂ ಕುಕ್ಕರ್ ಒಯ್ಯುತ್ತಾರೆಯೇ?

ಒಮ್ಮೆ ಲೂಸಿ ಇವರ ಮನೆಗೆ ಆಡಲು ಬಂದಿದ್ದಾಗ ಇದೇ ಕುಕ್ಕರ್ ಕೂಗಿ, ಅವಳು ಬೆಚ್ಚಿಬಿದ್ದು ಜೂಸ್ ಚೆಲ್ಲಿಕೊಂಡಿದ್ದಳು. ಮರುದಿನ ಕ್ಲಾಸಿನಲ್ಲಿ ಎಲ್ಲರೆದುರು ಅದರ ಹಾಗೇ "ಸ್ಸ್‌ಸ್ಸೀ!" ಅಂತ ಕೂಗಿ ತೋರಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಹಾರಿಕಾಳೂ ನಕ್ಕಳು, ನಗದೆ ಇನ್ನೇನು ಮಾಡುವುದು! ಅಂದಿನಿಂದ ಯಾರೇ ಫ್ರೆಂಡ್ಸ್ ಬರಲಿ, ಅವಳು ಮೊದಲು ಓಡಿಹೋಗಿ ಅಡುಗೆಮನೆಯ ಬಾಗಿಲು ಮುಚ್ಚುತ್ತಿದ್ದಳು. ಅಂಡೋರಾದಲ್ಲಿ ಲೂಸಿಯವರದು ಪಕ್ಕದ ಅಪಾರ್ಟ್‌ಮೆಂಟು. ಗೋಡೆಯಾಚೆಗೂ ಕೇಳಿಸಿದರೆ?

ಆ ಬೆಳಗ್ಗೆ ನಿಹಾರಿಕಾ ಕುಕ್ಕರಿನ ಮುಚ್ಚಳ ತೆಗೆದಳು. ಒಳಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿದ ಬೇಳೆ ಪ್ಯಾಕೆಟ್, ಸಾರಿನ ಪುಡಿ, ಹುಣಸೆಹಣ್ಣು. ಎಲ್ಲವನ್ನೂ ತೆಗೆದು ಅಪ್ಪನ ಸ್ವೆಟರಿನಲ್ಲಿ ಸುತ್ತಿಟ್ಟಳು. ಸಾರು ಎಂದರೆ ಅವಳಿಗೂ ಪ್ರಾಣ. ಬೇಳೆ ಪಾತ್ರೆಯಲ್ಲೂ ಬೇಯುತ್ತದಲ್ಲ ಎಂದುಕೊಂಡಳು. ಬೆಟ್ಟ ಹೀಗೆ ಕೈಕೊಡುತ್ತದೆ ಎಂದು ಅವಳಿಗೇನು ಗೊತ್ತು?

ಈಗ ಅಪಾರ್ಟ್‌ಮೆಂಟಿನ ಬಾಗಿಲು ಬಡಿದ ಸದ್ದಾಯಿತು. ಕ್ಯಾರನ್ ಮತ್ತು ಲೂಸಿ ಊಟಕ್ಕೆ ಬಂದರು. ಕ್ಯಾರನ್ ಕೈಯಲ್ಲಿ ಉದ್ದನೆಯ ಎರಡು ಬ್ರೆಡ್ಡು.

ಲೂಸಿ ಬಂದವಳೇ ಒಲೆಯ ಕಡೆ ನೋಡಿದಳು. "ಎಲ್ಲಿ ಆ ವಿಷಲ್ ಹೊಡೆಯೋ ಪಾಟ್? ಮಮ್‌ಗೆ ತೋರಿಸಬೇಕು. ನಿನ್ನೆ ಬಸ್ಸಿನಲ್ಲಿ ಬರುವಾಗ ಪೂರ್ತಿ ಅದನ್ನೇ ಹೇಳ್ತಾ ಬಂದೆ!"

ಮತ್ತೆ ತಮಾಷೆ ಮಾಡುವುದಕ್ಕೋ? ನಿಹಾರಿಕಾ ಅವಳ ಮುಖ ನೋಡಿದಳು. ಬೆಳಗ್ಗೆ ಮೊದಲ ಸಲ ಬೆಟ್ಟದ ತುದಿಯಲ್ಲಿ ನಿಂತಾಗ ಲೂಸಿಯ ಮುಖ ಹೀಗೇ ಅರಳಿತ್ತು.

"ಸಾರಿ ಲೂಸಿ, ನಾನು ಮರೆತುಬಿಟ್ಟೆ," ಎಂದ ಅಪ್ಪ. ಲೂಸಿಯ ಮುಖ ಬಾಡಿತು.

"ಬೆಳಗ್ಗೆ ಸ್ಕೀ ಕ್ಲಾಸಲ್ಲಿ ಹನ್ನೊಂದು ಸಲ ಬಿದ್ದಿರಿ ವಿನಾಯಕ್. ಇದು ಹನ್ನೆರಡನೆಯದು!" ಎಂದು ಕ್ಯಾರನ್ ಅಪ್ಪನನ್ನು ಛೇಡಿಸಿದಳು. ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಿಹಾರಿಕಾಳಿಗೆ ಮಾತ್ರ ನಗು ಬರಲಿಲ್ಲ.

ಅಪ್ಪ ಪಾತ್ರೆಗೆ ಹುಣಸೆರಸ, ಪುಡಿ ಹಾಕಿದ. "ಬೇಳೆ ತಳದಲ್ಲೇ ಬಿದ್ದಿರಲಿ. ಮೇಲಿನ ತಿಳಿಸಾರು ಬಡಿಸ್ತೀನಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ನಿಹಾರಿಕಾ ಹೋಗಿ ಅವನ ಪಕ್ಕ ನಿಂತಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಆದರೆ ಲೂಸಿಗೆ ಗೊತ್ತಾಗಬಾರದಲ್ಲ! ಅದಕ್ಕೇ ಕನ್ನಡದಲ್ಲಿ ಪಿಸುಗುಟ್ಟಿದಳು.

"ಅಪ್ಪಾ, ನೀನು ಮರೆತಿಲ್ಲ. ಕುಕ್ಕರ್ ನಾನೇ ತೆಗೆದಿಟ್ಟೆ. ಮನೇಲಿ."

ಅಪ್ಪ ಸೌಟು ಆಡಿಸುತ್ತಲೇ ಇದ್ದ. "ಗೊತ್ತು ಪುಟ್ಟಿ."

"ಗೊತ್ತಾ? ಹೇಗೆ?"

"ಬೇಳೆ, ಪುಡಿ ಎಲ್ಲ ಕುಕ್ಕರ್ ಒಳಗೇ ತುಂಬಿದ್ದೆ. ಇಲ್ಲಿ ಬಂದು ನೋಡಿದ್ರೆ ಕುಕ್ಕರ್ ಇಲ್ಲ, ಬೇಳೆ ಮಾತ್ರ ನನ್ನ ಸ್ವೆಟರ್ ಹೊದ್ಕೊಂಡು ಮಲಗಿದೆ. ಅದೇನು ತಾನೇ ಎದ್ದು ಬಂತಾ?"

"ಮತ್ತೆ... ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

"ರಜಕ್ಕೆ ಬಂದಿದ್ದೀವಿ ಕಣೆ. ನಿಂಗ್ಯಾಕೆ ಬೈಸೋದು? ನಂಗಾದ್ರೆ ಬೈಸ್ಕೊಂಡು ಅಭ್ಯಾಸ ಇದೆ."

ನಿನ್ನೆ ಮಧ್ಯಾಹ್ನದಿಂದ ಅಮ್ಮ ಎಷ್ಟು ಸಲ ಅಂದಳು, ಅಪ್ಪ ಎಷ್ಟು ಸಲ ತಪ್ಪಾಯ್ತು ಎಂದ! ಅಪ್ಪನ ಮೇಲೆ ನಿಹಾರಿಕಾಳಿಗೆ ವಿಪರೀತ ಪ್ರೀತಿ ಬಂತು, ತನ್ನ ಮೇಲೆ ಅಷ್ಟೇ ಸಿಟ್ಟು. ತಟ್ಟನೆ ತಿರುಗಿ, ಈ ಸಲ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

"ಅಪ್ಪ ಮರೆತಿಲ್ಲ. ಕುಕ್ಕರ್ ಬಚ್ಚಿಟ್ಟಿದ್ದು ನಾನು. ಅದು ಕೂಗಿದ್ರೆ ಲೂಸಿ ಮತ್ತೆ ಎಲ್ಲರ ಮುಂದೆ ಹಾಗೇ ಕೂಗ್ತಾಳೆ, ಎಲ್ಲರೂ ನಗ್ತಾರೆ ಅಂತ."

ಅಮ್ಮ ಕುರ್ಚಿಯಿಂದ ಕಾಲು ಇಳಿಸಿದಳು. ಬೈಯಲು ಬಾಯಿ ತೆರೆದವಳು ಮಗಳ ಮುಖ ನೋಡಿ, ಅಪ್ಪನ ಕಡೆ ತಿರುಗಿದಳು. "ಅಲ್ರೀ, ನಿನ್ನೆಯಿಂದ ನನ್ನ ಹತ್ರ ಸುಮ್ಮಸುಮ್ಮನೆ ಬೈಸ್ಕೊಂಡ್ರಲ್ಲ!" ಎಂದಳು. ಅವಳ ದನಿ ಮೆತ್ತಗಾಗಿತ್ತು.

ಲೂಸಿಯ ಮುಖ ಕೆಂಪೇರಿತು. "ನಾನು ನಿನ್ನ ನೋಡಿ ನಗಲಿಲ್ಲ. ಆ ಸೌಂಡ್ ನಂಗೆ ಇಷ್ಟ ಆಯ್ತು, ಅದಕ್ಕೇ ಮಾಡಿ ತೋರಿಸಿದೆ. ನಮ್ಮನೇಲಿ ಮೈಕ್ರೋವೇವ್ ಟಿಂಗ್ ಅನ್ನುತ್ತೆ, ಅಷ್ಟೇ. ಬೋರಿಂಗ್!"

ಆಮೇಲೆ ಒಲೆಯ ಹತ್ತಿರ ಬಂದು ಪಾತ್ರೆಯೊಳಗೆ ಇಣುಕಿದಳು. "ಎಷ್ಟು ಸಲ ಕೂಗಬೇಕು?"

"ಮೂರು," ಎಂದ ಅಪ್ಪ.

ಲೂಸಿ ಕೆನ್ನೆ ಉಬ್ಬಿಸಿ, "ಸ್ಸ್‌ಸ್ಸೀ!" ಎಂದಳು.

"ಒಂದು," ಎಂದು ಅಪ್ಪ ಗಂಭೀರವಾಗಿ ಎಣಿಸಿದ.

ಎರಡನೆಯದನ್ನು, ಯಾರೂ ಅಂದುಕೊಂಡಿರಲಿಲ್ಲ, ಸೋಫಾದಿಂದ ಅಮ್ಮ ಕೂಗಿದಳು. ಕ್ಯಾರನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಪ್ಪ ಒಲೆಯ ಗುಂಡಿಯ ಮೇಲೆ ಕೈಯಿಟ್ಟು ನಿಹಾರಿಕಾಳನ್ನೇ ನೋಡುತ್ತ ಕಾದ. ಇನ್ನೊಂದು ಕೂಗು ಬಾಕಿ ಇತ್ತು.

ನಿಹಾರಿಕಾ ಉಸಿರು ಎಳೆದುಕೊಂಡಳು. ಕಣ್ಣು ಮುಚ್ಚಿ, ಗೋಡೆಯಾಚೆಗೂ ಕೇಳಿಸುವಷ್ಟು ಜೋರಾಗಿ ಕೂಗಿದಳು.