ಗೋಡೆ ಮೇಲೆ ಅಮ್ಮನ ಸಾಲು

"ಮೊಳೆ ಚುಚ್ಚಿದ್ಯೇನೇ ಟೇಪೂ?" ಪಿ.ಟಿ. ಮೇಷ್ಟ್ರು ಆ ತುದಿಯಿಂದ ಕೂಗಿದರು.

ಟೇಪು ಇನ್ನೂ ಚುಚ್ಚಿರಲಿಲ್ಲ. ಮರಳಿನ ಗುಂಡಿಯ ಪಕ್ಕ ಮಂಡಿಯೂರಿ ಕೂತು, ಗೆಳತಿಯ ಹಿಮ್ಮಡಿ ಬಿದ್ದ ಗುಳಿಯನ್ನೇ ನೋಡುತ್ತಿದ್ದಳು. ಅಳತೆಪಟ್ಟಿಯ ತುದಿಯ ಮೊಳೆಯನ್ನು ಆ ಗುಳಿಗೆ ಚುಚ್ಚಬೇಕು. ಹಾರುವ ಹಲಗೆಯ ಹತ್ತಿರ ಮೇಷ್ಟ್ರು ಪಟ್ಟಿ ಎಳೆದು ಅಳತೆ ಓದುತ್ತಾರೆ. ಹೈಸ್ಕೂಲಿಗೆ ಸೇರಿದಾಗಿನಿಂದ ಇದೇ ಕೆಲಸ ಮಾಡಿ ಮಾಡಿ ಅವಳಿಗೆ ಟೇಪು ಅನ್ನೋ ಹೆಸರೇ ಅಂಟಿಕೊಂಡಿತ್ತು.

ಹಾರಿದವಳು ಮಿಡತೆ. ಕಾಲು ಉದ್ದ, ಮಾತು ಇನ್ನೂ ಉದ್ದ. ಇಬ್ಬರಿಗೂ ಒಂದೇ ಬೆಂಚು, ಒಂದೇ ಊಟದ ಡಬ್ಬಿ, ಒಬ್ಬಳಿಗೆ ನೆಗಡಿ ಬಂದರೆ ಇನ್ನೊಬ್ಬಳಿಗೂ ಸೀನು. ಇವತ್ತು ಶಾಲೆಯ ಆಟೋಟದ ಸ್ಪರ್ಧೆಯಲ್ಲಿ ಮಿಡತೆ ಹಾರಿದ ಹಾರಾಟ ಎಂಥದ್ದು ಅಂತೀರಿ! ಮೈದಾನದಲ್ಲಿದ್ದವರೆಲ್ಲ "ಹೋ" ಅಂದುಬಿಟ್ಟರು. ಟೇಪುವಿನ ಎದೆ ಮಾತ್ರ ಧಸಕ್ಕೆಂದಿತು.

ಯಾಕೆ ಅಂದರೆ, ಗೋಡೆ.

ಆ ಶಾಲೆಯಲ್ಲಿ ಓದಿ ದೊಡ್ಡ ಹೆಸರು ಮಾಡಿದವರು ಬಹಳ ಜನ. ಒಬ್ಬರು ಜಡ್ಜು, ಒಬ್ಬರು ಹಡಗಿನ ಕ್ಯಾಪ್ಟನ್ನು, ಒಬ್ಬರು ಹಾರ್ಟ್ ಡಾಕ್ಟರು. ಅವರ ಫೋಟೋಗಳೆಲ್ಲ ಹೆಡ್‌ಮೇಡಂ ರೂಮಿನ ಮುಂದೆ ಗಾಜಿನೊಳಗೆ ಸಾಲಾಗಿ ಕೂತಿದ್ದವು. ಆಟದಲ್ಲಿ ಗೆದ್ದವರಿಗೆ ಗಾಜು ಗೀಜು ಏನಿಲ್ಲ. ಮೈದಾನದ ಕಡೆಯ ಗೋಡೆಯ ಮೇಲೆ, ಒಂದೊಂದು ಆಟಕ್ಕೆ ಒಂದೊಂದು ಸಾಲು ಅಷ್ಟೇ. ಲಾಂಗ್ ಜಂಪ್ ಸಾಲಿನಲ್ಲಿ ಇದ್ದದ್ದು ಟೇಪುವಿನ ಅಮ್ಮನ ಹೆಸರು.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. "ಜಡ್ಜು, ಡಾಕ್ಟ್ರು ಎಲ್ಲ ಒಳಗೆ ಗಾಜಲ್ಲಿ ಬೆವರ್ತಾ ಕೂತಿದಾರೆ. ನನ್ನ ನೋಡು, ಹೊರಗೆ ಗಾಳೀಲಿ ಆರಾಮಾಗಿದೀನಿ!" ಅಂತ ನಗುತ್ತಿದ್ದಳು. ಹೋದ ವರ್ಷ ಕಾಯಿಲೆ ಬಂದು ಅಮ್ಮ ತೀರಿಹೋದಳು. ಅವಳ ಬಟ್ಟೆಗಳನ್ನು ಚಿಕ್ಕಮ್ಮ ಗಂಟು ಕಟ್ಟಿ ಎಲ್ಲೋ ಇಟ್ಟಳು. ಚಪ್ಪಲಿ ಏನಾಯಿತೋ ಗೊತ್ತಿಲ್ಲ. ಗೋಡೆ ಮೇಲಿನ ಹೆಸರು ಮಾತ್ರ ಎಲ್ಲೂ ಹೋಗಲಿಲ್ಲ. ದಿನಾ ಬೆಳಿಗ್ಗೆ ಟೇಪು ಆ ಗೋಡೆಯ ಪಕ್ಕದಲ್ಲೇ ನಡೆದು, "ಬಂದೆ ಅಮ್ಮಾ" ಅಂದು ಕ್ಲಾಸಿಗೆ ಹೋಗುತ್ತಿದ್ದಳು.

ಯಾರಾದರೂ ರೆಕಾರ್ಡ್ ಮುರಿದರೆ ಹಳೇ ಹೆಸರು ಅಳಿಸಿ, ಅದೇ ಜಾಗದಲ್ಲಿ ಹೊಸ ಹೆಸರು ಬರೆಯುವುದು ಆ ಶಾಲೆಯ ಪದ್ಧತಿ. ಹೈ ಜಂಪ್ ಸಾಲನ್ನು ಪೇಂಟರ್ ತಾತ ಅಳಿಸಿದ್ದನ್ನು ಅವಳು ನೋಡಿದ್ದಳು.

"ಏನಮ್ಮಾ, ಅಲ್ಲೇ ನಿದ್ದೆ ಹೋದ್ಯಾ?"

ಟೇಪು ಮೊಳೆ ಚುಚ್ಚಿದಳು. ಗುಳಿಗಲ್ಲ. ನಾಲ್ಕು ಬೆರಳು ಈಚೆಗೆ, ಹಲಗೆಯ ಕಡೆಗೆ.

ಮೇಷ್ಟ್ರು ಪಟ್ಟಿ ಎಳೆದರು. ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಅಯ್ಯೋ ಮಿಡತೇ! ಕೂದಲೆಳೆಯಲ್ಲಿ ತಪ್ಪಿತಲ್ಲೇ!"

"ಛೇ ಛೇ" ಅಂತ ಎಲ್ಲರೂ ಲೊಚಗುಟ್ಟಿದರು. ಇದು ಮಿಡತೆಯ ಕೊನೆಯ ಸರದಿ. ಹತ್ತನೇ ಕ್ಲಾಸು ಬೇರೆ. ಮುಂದಿನ ವರ್ಷ ಈ ಮೈದಾನವೇ ಇಲ್ಲ.

ಮಿಡತೆ ಕೂದಲಿಂದ ಮರಳು ಕೊಡವುತ್ತಾ ಬಂದು ಟೇಪುವಿನ ಪಕ್ಕ ಕೂತಳು. ಕಿವಿಯಲ್ಲಿ ಪಿಸುಗುಟ್ಟಿದಳು: "ಒಳ್ಳೇದಾಯ್ತು ಬಿಡು ಕಣೇ. ಓಡ್ತಾ ಇರೋವಾಗ್ಲೂ ನಂಗೆ ಅದೇ ಯೋಚ್ನೆ. ಎಲ್ಲಿ ನಿಮ್ಮಮ್ಮನ ಹೆಸರು ಹೋಗ್ಬಿಡುತ್ತೋ ಅಂತ. ಉಳೀತಲ್ಲ."

ಅವಳು ನಕ್ಕಳು. ನಕ್ಕರೂ ಗಲ್ಲ ನಡುಗುತ್ತಿತ್ತು.

"ಮರಳು ಸಮ ಮಾಡಮ್ಮಾ ಟೇಪು. ಮುಂದಿನವಳು ಬಾ!" ಅಂದರು ಮೇಷ್ಟ್ರು.

ಟೇಪು ಮರಳು ಎಳೆಯುವ ಹಲ್ಲಿನ ಕೋಲು ತೆಗೆದುಕೊಂಡಳು. ಹಿಮ್ಮಡಿಯ ಗುಳಿ ಇನ್ನೂ ಹಾಗೇ ಇತ್ತು. ಒಂದು ಸಲ ಎಳೆದರೆ ಮುಗಿಯಿತು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಗೋಡೆ ನೋಡಿದಳು. ಕಣ್ಣು ತುಂಬಿಕೊಂಡು ಅಮ್ಮನ ಹೆಸರು ಕಲಸಿಹೋಯಿತು.

"ಸರ್..."

"ಏನು?"

"ಮೊಳೆ... ಸರಿಯಾಗಿ ಚುಚ್ಚಿರ್ಲಿಲ್ಲ ಸರ್. ಇನ್ನೊಂದ್ಸಲ ಅಳೀರಿ."

ಮೇಷ್ಟ್ರು ಬೈಯಲು ಬಾಯಿ ತೆರೆದರು. ಅವಳ ಮುಖ ನೋಡಿದರು, ಗೋಡೆ ನೋಡಿದರು, ಬಾಯಿ ಮುಚ್ಚಿಕೊಂಡರು. ಈ ಸಲ ಅವರೇ ಬಂದು ಪಕ್ಕದಲ್ಲಿ ಕೂತು, "ಚುಚ್ಚು ಮಗಳೇ" ಅಂದರು. ಅವಳು ಗುಳಿಗೇ ಚುಚ್ಚಿದಳು. ಮೇಷ್ಟ್ರು ಹಲಗೆಯ ಹತ್ತಿರ ಹೋಗಿ ಅಳತೆ ಓದಿದರು: ರೆಕಾರ್ಡ್ ಮುರಿದಿತ್ತು.

ಮೈದಾನದವರೆಲ್ಲ ಮಿಡತೆಯನ್ನು ಎತ್ತಿಕೊಂಡು ಕುಣಿದರು. ಮಿಡತೆ ಮಾತ್ರ ಅವರ ತಲೆಗಳ ಮೇಲಿಂದ ಟೇಪುವನ್ನು ಹುಡುಕುತ್ತಿದ್ದಳು.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಪೇಂಟರ್ ತಾತ ಏಣಿ ತಂದರು. ಟೇಪು ಮನೆಗೆ ಹೋಗದೆ ಕೆಳಗೆ ನಿಂತಳು. ಹಳೇ ಬಣ್ಣ ಅಲ್ಲಲ್ಲಿ ಎದ್ದಿತ್ತು. ತಾತ ತಗಡಿನಿಂದ ಕೆರೆಯತೊಡಗಿದರು. ಕರ್, ಕರ್. ಅಮ್ಮನ ಹೆಸರಿನ ಮೊದಲನೇ ಅಕ್ಷರ ಚಕ್ಕೆಯಾಗಿ ಉದುರಿತು. ಟೇಪುವಿಗೆ ಅಳು ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲೂ ಅವಳು ಇಷ್ಟು ಅತ್ತಿರಲಿಲ್ಲ.

ಆಮೇಲೆ ಒಂದು ವಿಚಿತ್ರವಾಯಿತು. ಅಮ್ಮನ ಅಕ್ಷರ ಹೋದ ಕಡೆ ಇನ್ನೊಂದು ಅಕ್ಷರ ಕಂಡಿತು. ಮಾಸಿದ ನೀಲಿ ಬಣ್ಣ. ಅದರ ಪಕ್ಕ ಇನ್ನೊಂದು.

"ತಾತಾ, ಅದ್ಯಾರ ಹೆಸರು?"

ತಾತ ಕಣ್ಣು ಕಿರಿದು ಮಾಡಿ ನೋಡಿದರು. "ಯಾರೋಮ್ಮ. ಇದಕ್ಕೂ ಮುಂಚೆ ಇದ್ದ ಹುಡುಗಿ ಇರ್ಬೇಕು. ಇವಳು ಬಂದಾಗ ಅವಳು ಒಳಗೆ ಹೋಗಿದಾಳೆ."

ಟೇಪು ಕಣ್ಣು ಒರೆಸಿಕೊಂಡು ನೋಡುತ್ತಲೇ ಇದ್ದಳು. ಅಮ್ಮ ಈ ಹುಡುಗಿಯ ವಿಷಯ ಯಾವತ್ತೂ ಹೇಳಿರಲಿಲ್ಲ. ಅವತ್ತು ಏಣಿ ಹಾಕಿದಾಗ ಅಮ್ಮನೂ ಇಲ್ಲೇ ನಿಂತಿದ್ದಳೋ ಏನೋ. ಆ ಹುಡುಗಿಗೂ ಮನೆ ಮಂದಿ ಇದ್ದಿರಬೇಕು. ಅವರಲ್ಲಿ ಯಾರಾದರೂ ಈ ಗೋಡೆ ಹತ್ತಿರ ಬಂದು, ಹೆಸರು ಕಾಣದೆ ವಾಪಸ್ಸು ಹೋದರೇನೋ.

ತಾತ ಎಲ್ಲದರ ಮೇಲೂ ಒಂದು ಕೈ ಸುಣ್ಣ ಬಳಿದರು.

ಬೆಳಿಗ್ಗೆ ಮಿಡತೆ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಗೋಡೆ ಬಂದಾಗ ತಲೆ ತಗ್ಗಿಸಿ ಬೇಗ ಬೇಗ ದಾಟಲು ನೋಡಿದಳು. ಟೇಪು ಅವಳ ಕೈ ಹಿಡಿದು ನಿಲ್ಲಿಸಿದಳು.

ಹೊಸ ಅಕ್ಷರಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಟೇಪು ಗೆಳತಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಸಣ್ಣ ದನಿಯಲ್ಲಿ "ಬಂದೆ ಅಮ್ಮಾ" ಅಂದಳು.

ಹೊರಟವಳು ಮತ್ತೆ ನಿಂತಳು. ಅಮ್ಮನ ಹೆಸರಿನಡಿ ಕಂಡ ಆ ಹುಡುಗಿಯನ್ನು ಏನಂತ ಕರೆಯಬೇಕೋ ತಿಳಿಯಲಿಲ್ಲ. ಈಗ ಎಲ್ಲೋ ಅಜ್ಜಿಯಾಗಿರಬಹುದು, ಇಲ್ಲದೆಯೂ ಇರಬಹುದು. ಆದರೆ ಹಾರಿದ ದಿನ ಅವಳೂ ಅಮ್ಮನ ಹಾಗೆ, ಮಿಡತೆಯ ಹಾಗೆ ಕೂದಲ ತುಂಬ ಮರಳು ಮಾಡಿಕೊಂಡ ಹುಡುಗಿಯೇ ಅಲ್ಲವೇ?

"ಬಂದೆ ಅಕ್ಕಾ," ಅಂದಳು.